ಮಧ್ಯಸ್ಥೆಯ ಅಳು

ಆ ಬೆಳಿಗ್ಗೆ ಅವಳು ಗಂಡನನ್ನು ಬೇಕಂತಲೇ ಅಳಿಸಿದಳು. ಅಳಿಸಬೇಕೆಂದು ಯೋಚಿಸಿಕೊಂಡು ಎದ್ದವಳಲ್ಲ. ಅವನು ಕಿಟಕಿಯ ಬಳಿಯ ಮೇಜಿನ ಮುಂದೆ ಕೂತು, ಕಿತ್ತುಹೋಗಿದ್ದ ಅವಳ ಕೈಚೀಲದ ಪಟ್ಟಿಯನ್ನು ದಪ್ಪ ಸೂಜಿಯಲ್ಲಿ ಹೊಲಿಯುತ್ತಿದ್ದ. ಎಂಟು ತಿಂಗಳ ಹಿಂದೆ ತಲೆಯೊಳಗೆ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡ ಮೇಲೆ ಬಲಗೈ ನಿಧಾನವಾಗಿತ್ತು. ಆದರೂ ಹೊಲಿಗೆ ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿ ಬಂದಿತ್ತು. ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, 'ತಗೋ' ಎಂದು ಚೀಲ ಚಾಚಿದ. ಬೇರೆ ದಿನವಾಗಿದ್ದರೆ 'ಹ್ಞೂಂ, ಸರಿಯಾಯ್ತು' ಎಂದಷ್ಟೇ ಹೇಳಿ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದಳು. ಈ ಎಂಟು ತಿಂಗಳಲ್ಲಿ ಅವಳು ಕಲಿತದ್ದು ಅದನ್ನೇ. ಬೈದರೆ ಅವನಿಗೇನೂ ಆಗುವುದಿಲ್ಲ, ಸಾವಿನ ಸುದ್ದಿ ಬಂದರೂ ಆಗುವುದಿಲ್ಲ, ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಮಾತ್ರ ಅಳು ಬಂದುಬಿಡುತ್ತದೆ. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ, 'ನೀವಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳಿ' ಎಂದಳು. ಹೇಳಿದವಳು ಹೊರಡಲಿಲ್ಲ, ಪಟಾಕಿಯ ಬತ್ತಿಗೆ ಕಡ್ಡಿ ಗೀರಿ ಎರಡು ಹೆಜ್ಜೆ ಹಿಂದೆ ಸರಿದವರ ಹಾಗೆ ನಿಂತಳು.

ಮೊದಲು ಏನೂ ಆಗಲಿಲ್ಲ. ಅವನ ಗದ್ದ ಒಳಕ್ಕೆ ಸರಿಯಿತು. ಉಸಿರು ಒಳಗೆ ಹೋಗಿ ಅಲ್ಲೇ ನಿಂತಿತು. ಒಂದು, ಎರಡು, ಮೂರು, ನಾಲ್ಕು. ನಾಲ್ಕು! ಅವಳು ಮೂರು ಅಂದುಕೊಂಡಿದ್ದಳು. ಆಮೇಲೆ ಗಂಟಲಿನಲ್ಲಿ ಚಿಲಕ ಜಾರಿದಂಥ ಸಣ್ಣ ಸದ್ದು, ಅದರ ಹಿಂದೆಯೇ ಅಳು. ಅವನ ದನಿಯಲ್ಲ ಅದು; ಅದಕ್ಕಿಂತ ತೆಳು, ಪಕ್ಕದ ಕೋಣೆಯಿಂದ ಬಂದ ಹಾಗೆ. ಎಡಗೈಯ ಎರಡು ಬೆರಳು ಅಂಗಿಯ ಮೇಲಿನ ಗುಂಡಿಯನ್ನು ಹುಡುಕಿ, ಹಾಕಿಯೇ ಇದ್ದ ಗುಂಡಿಯನ್ನು ಮತ್ತೆ ಹಾಕಲು ನೋಡಿದವು. ಅಳುವಿನ ನಡುವೆ ಎಂದಿನ ಆ ಮಾತು: 'ಮತ್ತೆ ಹೇಳಿ... ಮತ್ತೆ ಹೇಳಿ.' ನಲ್ಲಿ ತಿರುಗಿಸಿದ ಹಾಗೆ ಅದು ನಿಂತಾಗ ಅವನು ಗೋಡೆಯ ಕಡೆ ನೋಡುತ್ತಾ, 'ಆಯ್ತು. ಹೋಗು, ನಿನಗೆ ಹೊತ್ತಾಗುತ್ತೆ' ಎಂದ. ಅವಳಿಗೆ ಆಗ ನೀರಿನ ನೆನಪಾಯಿತು. ಪ್ರತಿಸಲ ಗದ್ದ ಸರಿಯುವುದರೊಳಗೆ ಲೋಟ ಹಿಡಿದು ನಿಲ್ಲುತ್ತಿದ್ದವಳು ಇವತ್ತು ಎಲ್ಲ ಮುಗಿದ ಮೇಲೆ ತಂದುಕೊಟ್ಟಳು. ಅವನು ಅದನ್ನು ಗಮನಿಸಿದನೋ ಇಲ್ಲವೋ, ಪೂರ್ತಿ ಕುಡಿದು ಲೋಟವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿಟ್ಟ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ನಾಲ್ಕು, ನಾಲ್ಕು ಎಂದು ಒಳಗೇ ಹೇಳಿಕೊಳ್ಳುತ್ತಾ, ಉಸಿರು ಹಿಡಿದು ನೋಡುತ್ತಾ ಕೂತಿದ್ದವಳನ್ನು ಎದುರಿನ ಹೆಂಗಸು 'ವಾಂತಿ ಬರ್ತಿದ್ಯಾ?' ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದಳು. ನಾನೇನು ಮಾಡಿದೆ ಎನ್ನುವುದು ನಿಧಾನವಾಗಿ, ಬಿಸಿಲು ಸೀಟಿಗೆ ಬಂದ ಹಾಗೆ, ಅವಳ ಮೇಲೆ ಬಂತು. ವೈದ್ಯರು ಹೇಳಿದ್ದರಲ್ಲ: 'ಅಳು ಬಂದ ಮಾತ್ರಕ್ಕೆ ಅವರಿಗೆ ದುಃಖ ಆಗಿದೆ ಅಂತ ತಿಳ್ಕೋಬೇಡಿ. ಗಾಡಿ ಚೆನ್ನಾಗಿದೆ, ಬ್ರೇಕಿನ ತಂತಿ ಸಡಿಲ ಆಗಿದೆ, ಅಷ್ಟೇ.' ಹಾಗಾದರೆ ದುಃಖವೇ ಇಲ್ಲದವನನ್ನು ಅಳಿಸುವುದರಲ್ಲಿ ತಪ್ಪೇನು? ಆಕಳಿಕೆ ತರಿಸಿದ ಹಾಗೆ, ಸೀನು ತರಿಸಿದ ಹಾಗೆ ತಾನೇ? ಈ ವಾದ ಅವಳಿಗೆ ಒಂದು ನಿಲ್ದಾಣದ ತನಕ ಸಾಕಾಯಿತು. ಒಂದು ಸಲ ಅವನನ್ನೇ ಕೇಳಿದ್ದಳು, ಆ ಹೊತ್ತಿನಲ್ಲಿ ನಿಮಗೆ ಏನನ್ನಿಸುತ್ತೆ ಅಂತ. ಅವನು ಬಹಳ ಹೊತ್ತು ಯೋಚಿಸಿ, 'ನನಗೇನೂ ಇಲ್ಲ. ಕಣ್ಣಿಗೆ ಏನೋ ಇದೆ' ಎಂದಿದ್ದ. ಮೂವತ್ತೊಂದು ವರ್ಷ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕೂತು, ಆಕಾಶದಲ್ಲಿದ್ದವರಿಗೆ ಏರಿ, ಇಳಿಯಿರಿ, ಕಾಯಿರಿ ಎಂದು ಹೇಳಿದವನು. ಚಕ್ರ ಬಿಚ್ಚಿಕೊಳ್ಳದ ವಿಮಾನಕ್ಕೂ, ಎಲ್ಲ ಸರಿಯಿದ್ದ ವಿಮಾನಕ್ಕೂ ಅವನ ದನಿ ಒಂದೇ ಆಗಿತ್ತಂತೆ. ಪೈಲಟ್‌ಗಳು ಅವನಿಗೆ 'ಫ್ರಿಜ್' ಎಂದು ಹೆಸರಿಟ್ಟಿದ್ದರು. ಹೆಸರು ಮನೆಯವರೆಗೂ ಬಂದಾಗ ಅವನಿಗೆ ಬೇಸರವಾಗಿರಲಿಲ್ಲ, ಒಳಗೊಳಗೇ ಹೆಮ್ಮೆಯಾಗಿತ್ತು.

ಆ ದನಿಯನ್ನು ಅವಳು ಇಪ್ಪತ್ತೆರಡು ವರ್ಷದ ಹಿಂದೆಯೇ ತೆಗೆದುಕೊಂಡಿದ್ದಳು. ಟಿವಿಗೆ ಪರದೇಶದಿಂದ ಒಂದು ಧಾರಾವಾಹಿ ಬಂದಿತ್ತು, ನಕ್ಷತ್ರಗಳ ನಡುವೆ ಓಡಾಡುವ ಹಡಗುಗಳದ್ದು. ಅದರಲ್ಲಿ ಮಧ್ಯಸ್ಥೆ ಎಂಬ ಪಾತ್ರಕ್ಕೆ ಕನ್ನಡದಲ್ಲಿ ದನಿ ಕೊಡಲು ಅವಳನ್ನು ಕರೆದಿದ್ದರು. ಏಳನೇ ವಯಸ್ಸಿಗೇ ನಗು, ಅಳು ಎರಡನ್ನೂ ಬಿಟ್ಟುಕೊಡುವ ಜನರ ಗ್ರಹದವಳು ಮಧ್ಯಸ್ಥೆ. ಬೇರೆ ಗ್ರಹಗಳು ಜಗಳವಾಡಿಕೊಂಡರೆ ನ್ಯಾಯ ಹೇಳಲು ಅವಳೇ ಬರಬೇಕು, ಯಾಕೆಂದರೆ ಅವಳಿಗೆ ಯಾರ ಮೇಲೂ ಪ್ರೀತಿಯಿಲ್ಲ, ಸಿಟ್ಟೂ ಇಲ್ಲ. ಮೊದಲ ವಾರ ಅವಳು ಯಂತ್ರದ ಹಾಗೆ ಮಾತಾಡಿ ಬೈಸಿಕೊಂಡಿದ್ದಳು. ಆಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ಒಲೆಯ ಪಕ್ಕದ ಪರದೆಗೆ ಬೆಂಕಿ ಹತ್ತಿ ಅವಳು ಕಿರುಚುತ್ತಾ ನೀರೆರಚುತ್ತಿದ್ದಾಗ, ಗಂಡ ಫೋನಿನಲ್ಲಿ ಅಗ್ನಿಶಾಮಕದವರಿಗೆ ಮನೆಯ ವಿಳಾಸ, ಮಹಡಿ, ಬೆಂಕಿಯ ಅಳತೆ, ಎಲ್ಲವನ್ನೂ ಉಪ್ಪು ಕೇಳುವ ದನಿಯಲ್ಲಿ ಹೇಳುತ್ತಿದ್ದ. ಆ ಕಡೆಯವರು 'ಇದು ತಾಲೀಮಾ ಸಾರ್?' ಎಂದು ಕೇಳಿದ್ದರು. ಅವಳ ಕೈಯಲ್ಲಿನ ಬಕೆಟ್ಟು ಅಲ್ಲೇ ನಿಂತಿತ್ತು. ದನಿಯಲ್ಲಿ ಏನೂ ಇಲ್ಲದಿರುವುದು ಬೇರೆ, ಇರುವುದನ್ನೆಲ್ಲ ತೂಗಿ ಬದಿಗಿಟ್ಟಿರುವುದು ಬೇರೆ ಎಂದು ಹೊಗೆಯ ನಡುವೆ ಅವಳಿಗೆ ಹೊಳೆದಿತ್ತು. ಮಾರನೆಯ ದಿನ ಮಧ್ಯಸ್ಥೆ ಆ ದನಿಯಲ್ಲಿ ಮಾತಾಡಿದಳು. ಗಂಡ ಟಿವಿಯಲ್ಲಿ ಅದನ್ನು ಕೇಳಿ, 'ಇವಳು ನಮ್ಮ ಇಲಾಖೆಯೋಳು ಕಣ್ರೋ' ಎಂದು ಟವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ.

ಸ್ಟುಡಿಯೋ ಮೂರನೇ ಮಹಡಿಯಲ್ಲಿತ್ತು, ಲಿಫ್ಟು ಎರಡರವರೆಗೆ ಮಾತ್ರ ಹೋಗುತ್ತಿತ್ತು. ಅವಳು ಉಸಿರು ಸಮ ಆಗುವ ತನಕ ಬಾಗಿಲ ಹೊರಗೇ ನಿಂತಿದ್ದು ಒಳಗೆ ಹೋದಳು. ನಿರ್ದೇಶಕಿ ಎದ್ದು ನಿಂತು 'ಬನ್ನಿ ಅಮ್ಮಾ, ಕೂತ್ಕೊಳ್ಳಿ ಅಮ್ಮಾ' ಎಂದಳು. ಮೂವತ್ತು ದಾಟಿರದ ಹುಡುಗಿ, ಬುದ್ಧಿವಂತೆ. ಹೋದ ವರ್ಷದವರೆಗೆ 'ಮೇಡಂ' ಎನ್ನುತ್ತಿದ್ದಳು. ಯಾವತ್ತಿನಿಂದ ಅಮ್ಮ ಆದೆ ಎಂದು ಅವಳು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ರೆಕಾರ್ಡಿಂಗಿನವನು ಮಾತ್ರ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಅದೇ 'ಅಕ್ಕ' ಎನ್ನುತ್ತಿದ್ದ. ಅವನ ಮುಂದೆ ಗುಂಡಿಗಳ ಹಲಗೆ, ಅದರಾಚೆ ದಪ್ಪ ಗಾಜು, ಗಾಜಿನಾಚೆ ಅವಳ ಕೋಣೆ: ಮೈಕು, ಒಂದು ಪರದೆ, ರೆಕಾರ್ಡಿಂಗ್ ಶುರುವಾದರೆ ಕೆಂಪಾಗುವ ದೀಪ, ಕುಡಿಯಲು ಬಿಸಿನೀರಿನ ಫ್ಲಾಸ್ಕು. ಬಾಗಿಲು ಮುಚ್ಚಿದರೆ ಈ ಕಡೆಯ ಸದ್ದು ಆ ಕಡೆಗಿಲ್ಲ. ಇಲ್ಲಿಂದ ಯಾರಾದರೂ ಗುಂಡಿ ಒತ್ತಿ ಮಾತಾಡಿದರೆ ಮಾತ್ರ ಅವಳ ಹೆಡ್‌ಫೋನಿಗೆ ಕೇಳಿಸುತ್ತಿತ್ತು.

ಮಧ್ಯಸ್ಥೆ ಹನ್ನೊಂದು ವರ್ಷದ ಮೇಲೆ ಒಂದೇ ಒಂದು ಎಪಿಸೋಡಿಗಾಗಿ ಮರಳಿ ಬಂದಿದ್ದಳು. ಪರದೆಯ ಮೇಲಿನ ನಟಿಗೂ ವಯಸ್ಸಾಗಿತ್ತು. ಬಣ್ಣದ ಅಡಿಯಲ್ಲಿ ಕುತ್ತಿಗೆಯ ಸುಕ್ಕನ್ನು ಅವರು ಮರೆಸಿರಲಿಲ್ಲ. ಕತೆ ಇಷ್ಟೇ: ಒಂದು ಚಂದ್ರನ ಮಂಜುಗಡ್ಡೆಗಾಗಿ ಎರಡು ಗ್ರಹಗಳ ನಡುವೆ ಜಗಳ, ಮಧ್ಯಸ್ಥೆ ತೀರ್ಪು ಹೇಳಬೇಕು. ವಿಚಾರಣೆಯ ನಡುವೆ ಅವಳು ಒಬ್ಬ ಸಾಕ್ಷಿಯ ಮೇಲೆ ಸಿಟ್ಟಾಗುತ್ತಾಳೆ, ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವಳ ಜನರಲ್ಲಿ ಮುಪ್ಪಿಗೆ ಇದೊಂದು ಕಾಯಿಲೆಯಾಗಿ ಬರುವುದುಂಟು, ಬಂದವರನ್ನು ಯಾರೂ ಕಾಣದ ಮನೆಯಲ್ಲಿ ಇಟ್ಟುಬಿಡುತ್ತಾರೆ. ಮಧ್ಯಸ್ಥೆ ಹಡಗಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಒಂದು ನಿಮಿಷ ನಲವತ್ತು ಸೆಕೆಂಡು ಅಳುತ್ತಾಳೆ. ಆಮೇಲೆ ಮುಖ ಒರೆಸಿಕೊಂಡು ಹೋಗಿ ತೀರ್ಪು ಹೇಳುತ್ತಾಳೆ. ಮೂಲದ ಅಳುವನ್ನೇ ಉಳಿಸಿಕೊಳ್ಳಬಹುದಿತ್ತು, ಆದರೆ ನಡುವೆ 'ಇದು ನಾನಲ್ಲ' ಎಂಬ ಮಾತು ಎರಡು ಸಲ ಬರುತ್ತಿತ್ತು. ಮಾತನ್ನೂ ಅಳುವನ್ನೂ ಬಿಡಿಸಲು ಆಗುವಂತಿರಲಿಲ್ಲ.

ಮಧ್ಯಾಹ್ನದ ತನಕ ಅವಳಿಗೆ ಅಳಲು ಆಗಲಿಲ್ಲ. ಅಂದರೆ, ಅತ್ತಳು, ನಲವತ್ತು ವರ್ಷದ ಕಸುಬು, ಎಷ್ಟೋ ತಾಯಂದಿರ, ವಿಧವೆಯರ, ರಾಣಿಯರ ಅಳುವನ್ನು ಅತ್ತವಳು. ಆದರೆ ಗಾಜಿನಾಚೆ ನಿರ್ದೇಶಕಿ ಪ್ರತಿಸಲ ತುಟಿ ಕಚ್ಚಿಕೊಂಡು ತಲೆ ಓರೆ ಮಾಡುತ್ತಿದ್ದಳು. 'ಚೆನ್ನಾಗಿದೆ ಅಮ್ಮಾ, ಆದ್ರೆ ಸ್ವಲ್ಪ ಧಾರಾವಾಹಿ ಅಳು ಥರ ಇದೆ.' ಧಾರಾವಾಹಿಯೇ ಅಲ್ಲವೇನೇ ಇದು, ಎಂದುಕೊಂಡರೂ ಅವಳಿಗೆ ಗೊತ್ತಿತ್ತು. ಅವಳು ಅಳಲು ಹೊರಟವಳ ಅಳು ಅಳುತ್ತಿದ್ದಳು. ಅಳಬಾರದೆಂದು ನಿಂತವಳದ್ದು ಬೇರೆ, ಅದನ್ನು ಅವಳು ಚೀಲದೊಳಗೆ ಇಟ್ಟುಕೊಂಡೇ ಬಂದಿದ್ದಳು, ತೆಗೆಯಲು ಮಾತ್ರ ಕೈ ಹೋಗುತ್ತಿರಲಿಲ್ಲ. ಏಳನೆಯ ಟೇಕ್ ಮುಗಿದಾಗ ನಿರ್ದೇಶಕಿ ಗುಂಡಿ ಒತ್ತಿ, ತುಂಬಾ ಮೆತ್ತಗೆ, 'ಒಂದು ಕೆಲ್ಸ ಮಾಡೋಣ್ವಾ ಅಮ್ಮಾ? ನಿಮಗೆ ಸುಸ್ತಾಗಿರುತ್ತೆ. ಈ ಅಳೋ ಭಾಗ ಒಂದನ್ನ ಬೇರೆಯವರ ಹತ್ರ ಮಾಡ್ಸಿ ಸೇರಿಸಿಬಿಡೋಣ. ಗೊತ್ತಾಗಲ್ಲ' ಎಂದಳು. ರೆಕಾರ್ಡಿಂಗಿನವನು ಹಲಗೆಯ ಮೇಲಿನ ಇಲ್ಲದ ಧೂಳನ್ನು ಒರೆಸತೊಡಗಿದ. ಗೊತ್ತಾಗಲ್ಲ ಎನ್ನುವ ಮಾತು ಅವಳ ಕಿವಿಯೊಳಗೇ ಉಳಿಯಿತು, ಹೆಡ್‌ಫೋನ್ ತೆಗೆದರೂ ಹೋಗಲಿಲ್ಲ. ಮಧ್ಯಸ್ಥೆಯ ಮಾತೆಲ್ಲ ಅವಳದಂತೆ, ಅಳು ಮಾತ್ರ ಯಾವಳೋ ಇಪ್ಪತ್ತೈದರ ಹುಡುಗಿಯದಂತೆ. 'ಇನ್ನೊಂದೇ ಒಂದು ಸಲ' ಎಂದಳು.

ದೀಪ ಕೆಂಪಾಯಿತು. ಗದ್ದವನ್ನು ಒಳಕ್ಕೆಳೆದುಕೊಂಡು ಉಸಿರು ಹಿಡಿದಳು. ನಾಲ್ಕು ಎಣಿಸಿದ ಮೇಲೆ ಗಂಟಲಿನ ಚಿಲಕ ತಾನಾಗಿ ಜಾರಿತು. ಆಮೇಲೆ ಬಂದ ದನಿ ಅವಳಿಗೆ ಎಷ್ಟು ಪರಿಚಿತವಾಗಿತ್ತೆಂದರೆ, ಯಾರೋ ಒಳಗೆ ಬಂದರೇನೋ ಎಂದು ಒಂದು ಕ್ಷಣ ಹೆದರಿದಳು. ಬೆರಳುಗಳು ರವಿಕೆಯ ಮೇಲ್ತುದಿಯಲ್ಲಿ ಇಲ್ಲದ ಗುಂಡಿಯನ್ನು ಹುಡುಕಿದವು. ಪರದೆಯ ಮೇಲಿನ ಮುದುಕಿಯ ತುಟಿ ಅಲ್ಲಾಡಿದಾಗ ಅವಳ ಬಾಯಿಂದ ಬಂದದ್ದು ಬರಹದಲ್ಲಿದ್ದ ಮಾತಲ್ಲ. 'ಮತ್ತೆ ಹೇಳಿ... ಮತ್ತೆ ಹೇಳಿ.' ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸಿದಳು. ದೀಪ ಆರಿದ ಮೇಲೂ ಯಾರೂ ಗುಂಡಿ ಒತ್ತಲಿಲ್ಲ. ನಿರ್ದೇಶಕಿ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದಳು. ಕೊನೆಗೆ ರೆಕಾರ್ಡಿಂಗಿನವನೇ, 'ಮಾತು ಬದಲಾಗಿದೆ ಅಕ್ಕ. ಆದ್ರೆ ತುಟಿಗೆ ಕೂತಿದೆ' ಎಂದ. ನಿರ್ದೇಶಕಿ ಮೈಕಿನ ಹತ್ತಿರ ಬಾಗಿ, 'ಇರ್ಲಿ, ಇರ್ಲಿ. ಮುಟ್ಟಬೇಡಿ. ಎಲ್ಲಿಂದ ತಂದ್ರಿ ಮೇಡಂ ಇದನ್ನ?' ಎಂದಳು. ಮೇಡಂ ಎಂದದ್ದು ಅವಳಿಗೆ ಕೇಳಿಸಿತು. ಅದರಿಂದ ಖುಷಿಯಾಯಿತು. ಖುಷಿಯಾದದ್ದಕ್ಕೆ, ಮೆಟ್ಟಿಲಿಳಿಯುವಾಗ, ಮೈ ತೊಳೆದುಕೊಳ್ಳಬೇಕು ಅನ್ನಿಸಿತು.

ಆ ಎರಡು ಪದ ಎಲ್ಲಿಯದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗಂಡ ಎಂದೂ ಹೇಳಿರಲಿಲ್ಲ, ಅವನ ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ಹೇಳಿದ್ದ. ಟಪಾಲು ಹೊತ್ತು ಬರುತ್ತಿದ್ದ ಒಂದು ಸಣ್ಣ ವಿಮಾನ, ಒಬ್ಬನೇ ಪೈಲಟ್, ಮೋಡದೊಳಗೆ ಏನೋ ಹೇಳಲು ಬಾಯಿ ತೆರೆದ, ರೇಡಿಯೋದಲ್ಲಿ ಅರ್ಧ ಪದ ಬಂತು, ನಿಂತಿತು. ಗಂಡ 'ಮತ್ತೆ ಹೇಳಿ' ಎಂದ. ಹನ್ನೊಂದು ಸಲ ಅಂದನಂತೆ, ಹನ್ನೊಂದು ಸಲವೂ ಅದೇ ದನಿಯಲ್ಲಿ, ನಡುವೆ ಅಷ್ಟಷ್ಟೇ ಬಿಡುವು ಕೊಟ್ಟು. ಆಮೇಲೆ ಗಡಿಯಾರ ನೋಡಿ ಹಾಳೆಯಲ್ಲಿ ಹೊತ್ತು ಬರೆದು, ಮುಂದಿನ ವಿಮಾನಕ್ಕೆ ಇಳಿಯಲು ಹೇಳಿದನಂತೆ. ಆ ದಿನ ಮನೆಗೆ ಬಂದವನು ಊಟ ಮಾಡಿದ್ದ, ನಡುಕೋಣೆಯ ಬಲ್ಬು ಹೋಗಿದ್ದನ್ನು ಬದಲಾಯಿಸಿದ್ದ. ಅವಳಿಗೆ ಅದು ನೆನಪಿತ್ತು, ಯಾಕೆಂದರೆ ಕುರ್ಚಿ ಹಿಡಿದು ನಿಂತವಳು ಅವಳೇ. ಕುರ್ಚಿಯ ಮೇಲಿದ್ದ ಆ ಕಾಲುಗಳು ಒಂದಿಷ್ಟೂ ನಡುಗಿರಲಿಲ್ಲ. ಇಷ್ಟು ತಿಳಿದೂ ಆ ಮಾತನ್ನು ಅವಳು ಮಂಜುಗಡ್ಡೆಯ ಜಗಳಕ್ಕೆ ಹಾಕಿ ಬಂದಿದ್ದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವನು ತರಕಾರಿ ಹೆಚ್ಚುತ್ತಿದ್ದ, ಎಲ್ಲ ಹೋಳೂ ಒಂದೇ ಅಳತೆ. 'ಹೇಗಾಯ್ತು?' ಎಂದ.

'ಆಯ್ತು.'

'ಆ ಅಳೋದು?'

'ಅದೂ ಆಯ್ತು.'

'ಹಾಗಾದ್ರೆ ಮಾಡಿ ತೋರ್ಸು.' ಅದು ಆ ಮನೆಯ ಹಳೆಯ ರೂಢಿ. ಮಧ್ಯಸ್ಥೆಯ ಮುಖ್ಯವಾದ ಮಾತುಗಳನ್ನೆಲ್ಲ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿ ತೋರಿಸುತ್ತಿದ್ದಳು, ಅವನು ಪಾಸು ಫೇಲು ಮಾಡುತ್ತಿದ್ದ. ಗಂಟಲು ನೋಯುತ್ತಿದೆ ಎಂದಳು. 'ಗಂಟಲು ನೋಯ್ತಿದ್ರೆ ನೀನು ಬಂದ ತಕ್ಷಣ ಬಿಸಿನೀರು ಕೇಳಿರ್ತಿದ್ದೆ' ಎಂದು ಅವನು ಚಾಕು ಕೆಳಗಿಟ್ಟ. ಅವಳು ಗೋಡೆಯ ಕಡೆ ತಿರುಗಿದಳು. ಮಾಡದೆ ಇರಬಹುದಿತ್ತು. ಆದರೆ, ಇದನ್ನು ಆಮೇಲೆ ಅವಳು ತನ್ನಲ್ಲೇ ಒಪ್ಪಿಕೊಂಡಳು, ಅವನು ಏನನ್ನುತ್ತಾನೆ ಎಂದು ತಿಳಿಯುವ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು. ನಾಲ್ಕು ಎಣಿಸಿ ಚಿಲಕ ಜಾರಿಸಿದಳು. ಅಳು, ಗುಂಡಿ, ಆ ಎರಡು ಪದ, ಎಲ್ಲವೂ ಬಂದವು. ಮುಗಿದ ಮೇಲೆ ತಿರುಗಲು ಧೈರ್ಯ ಸಾಲಲಿಲ್ಲ.

'ಅದು ನಾನು' ಎಂದ.

'ಹೌದು.'

'ಹೊರಗಿಂದ ಹೀಗೆ ಕೇಳುತ್ತಾ ಅದು? ನಾಯಿಮರಿ ಥರ ಇದೆಯಲ್ಲೇ.'

'ಹಾಗೇನಿಲ್ಲ ರೀ—'

'ಸುಮ್ನಿರು, ಸಮಾಧಾನ ಮಾಡ್ಬೇಡ. ಮಾಡಿದ್ರೆ ಮತ್ತೆ ಶುರುವಾಗುತ್ತೆ.' ಅವನು ಹಣೆ ಗಂಟಿಕ್ಕಿಕೊಂಡು, ಕೆಟ್ಟ ರೇಡಿಯೋವನ್ನು ಪರೀಕ್ಷಿಸುವವನ ಹಾಗೆ ಕೇಳುತ್ತಿದ್ದ. 'ಆ ಉಸಿರು. ಅಷ್ಟು ಹೊತ್ತು ಹಿಡೀತೀನಾ ನಾನು?'

'ನಾಲ್ಕು ಎಣಿಸೋ ತನಕ.'

'ಎಣಿಸಿದ್ಯಾ?' ಅವಳು ಹೌದೆಂದು ತಲೆಯಾಡಿಸಿದಳು. 'ಯಾವಾಗ ಎಣಿಸಿದೆ?'

'ಬೆಳಿಗ್ಗೆ.'

ರಾಡಾರಿನ ಪರದೆಯ ಮೇಲೆ ಎರಡು ಚುಕ್ಕೆಗಳ ನಡುವಿನ ದೂರ ಅಳೆಯುವುದು ಅವನ ಕಸುಬು. ಬಾಗಿಲ ಹಿಂದೆ ತೂಗುಹಾಕಿದ್ದ ಕೈಚೀಲವನ್ನು ನೋಡಿದ, ಅವಳನ್ನು ನೋಡಿದ. 'ಗತಿ ಏನು ಅಂದ್ಯಲ್ಲ. ಅದು ಇದಕ್ಕಾ?'

ಸುಳ್ಳು ಹೇಳಲು ಬೇಕಾದಷ್ಟು ಹೊತ್ತಿತ್ತು. 'ಹೌದು' ಎಂದಳು.

'ಹಾಗಾದ್ರೆ ಅದು ನಿಜ ಅಲ್ವಾ?'

ಅವಳು ಎಲ್ಲ ಬೈಗುಳಕ್ಕೂ ಸಿದ್ಧಳಾಗಿದ್ದಳು, ಈ ಪ್ರಶ್ನೆಗಲ್ಲ. 'ನಿಜಾನೇ ರೀ. ನಿಜ ಆಗಿದ್ದಕ್ಕೇ ಬಾಯಿಗೆ ಅಷ್ಟು ಸಲೀಸಾಗಿ ಬಂತು.' ಅವನ ಗದ್ದ ಒಳಕ್ಕೆ ಸರಿಯುತ್ತದೇನೋ ಎಂದು ನೋಡಿದಳು, ನೋಡುತ್ತಿದ್ದೇನೆ ಎಂದು ಗೊತ್ತಾಗಿ ನೆಲ ನೋಡಿದಳು. ಅದು ಸರಿಯಲಿಲ್ಲ. ಅವನು ಚಾಕು ತೆಗೆದುಕೊಂಡು ಉಳಿದ ತರಕಾರಿಯನ್ನು ಹೆಚ್ಚಿದ, ಹೋಳುಗಳು ದೊಡ್ಡದು ಚಿಕ್ಕದು ಆದವು. 'ಕೇಳ್ಬಹುದಿತ್ತು' ಎಂದ.

'ಕೇಳಿದ್ರೆ ಕೊಡ್ತಿದ್ರಾ?'

'ಗೊತ್ತಿಲ್ಲ. ಆದ್ರೆ ಕೇಳ್ಬಹುದಿತ್ತು. ಆ ದನಿ ತಗೊಂಡಾಗ್ಲೂ ನೀನು ಕೇಳಿರ್ಲಿಲ್ಲ. ಆಗ ನಾನು ಬೇಜಾರು ಮಾಡ್ಕೊಳ್ಳಲಿಲ್ಲ, ಯಾಕಂದ್ರೆ ಅದು ನಾನು ದುಡಿದು ಮಾಡ್ಕೊಂಡಿದ್ದು. ಇದು ಹಾಗಲ್ಲ. ಇದನ್ನ ನಾನು ಮುಚ್ಚಿಡ್ತಿರೋದು.'

ಊಟ ಮುಗಿಯಿತು. ತಟ್ಟೆ ತೊಳೆದು ಒರಗಿಸಿಡುತ್ತಾ ಅವನು, 'ಅಳು ಬೇಕಿದ್ರೆ ಇಟ್ಕೋ. ಆ ಮುದುಕಿಗೂ ಒಂದು ಬೇಕಲ್ಲ. ಆ ಮಾತು ತೆಗೆಸು' ಎಂದ. ಅವಳು ಯಾವ ಮಾತು ಎಂದು ಕೇಳಲಿಲ್ಲ. 'ಅದು ನಿನಗೆ ಹೇಳಿದ್ದಲ್ಲ. ಅದು ಅವನಿಗೆ ಹೇಳಿದ್ದು. ಅವನಿನ್ನೂ ಉತ್ತರ ಕೊಟ್ಟಿಲ್ಲ.'

'ತೆಗೆಸ್ತೀನಿ. ಅಲ್ಲಿ "ಇದು ನಾನಲ್ಲ" ಅಂತ ಹಾಕ್ಬೇಕಾಗುತ್ತೆ, ಬರಹದಲ್ಲಿರೋದು ಅದೇ.'

'ನಾನಲ್ಲ ಅಂದ್ರೆ? ಮತ್ಯಾರಂತೆ, ಪಕ್ಕದ್ಮನೆಯೋಳಾ?' ಅವಳಿಗೆ ತಡೆಯಲಾಗದೆ ನಗು ಬಂತು. ಅವನೂ ನಕ್ಕ. ನಗು ಅಳುವಾಗಿ ಮಗುಚುತ್ತದೇನೋ ಎಂದು ಇಬ್ಬರೂ ಒಂದು ಗಳಿಗೆ ಕಾದರು, ಮಗುಚಲಿಲ್ಲ. ಅವನು ಒದ್ದೆ ಕೈಯನ್ನು ಟವೆಲಿಗೆ ಒರೆಸುತ್ತಾ, 'ಅಲ್ಲಿ ಏನೂ ಬೇಡ. ತುಟಿ ಅಲ್ಲಾಡ್ಲಿ, ಮಾತು ಬರದೇ ಇರ್ಲಿ. ಆಗೋದು ಹಾಗೇನೇ' ಎಂದ.

ಬೆಳಿಗ್ಗೆ ಫೋನಿನಲ್ಲಿ ನಿರ್ದೇಶಕಿ ಒಪ್ಪಲಿಲ್ಲ. 'ಅದೇ ಎಲ್ಲಕ್ಕಿಂತ ಚೆನ್ನಾಗಿರೋದು ಮೇಡಂ! ಚಾನೆಲ್ಲಿನವರೂ ಕೇಳಿದ್ರು, ಕಣ್ಣಲ್ಲಿ ನೀರು ಹಾಕ್ಕೊಂಡ್ರು.' ಅದು ತನ್ನದಲ್ಲ, ಕೇಳದೆ ತಂದದ್ದು ಎಂದು ಅವಳು ಹೇಳಿದಾಗ ಆ ಕಡೆ ಗಾಬರಿಯಾಯಿತು. 'ಅಂದ್ರೆ... ಕಾಪಿರೈಟ್ ತೊಂದರೆನಾ?' ಅಲ್ಲವೆಂದಳು. ಮಾತಿಲ್ಲದೆ ತುಟಿ ಆಡಿದರೆ ಜನ ಟಿವಿ ಕೆಟ್ಟಿದೆ ಅಂದುಕೊಳ್ಳುತ್ತಾರೆ ಎಂದು ನಿರ್ದೇಶಕಿ ವಾದಿಸಿದಳು. ಆಗ ಅವಳು, ತನಗೇ ಆಶ್ಚರ್ಯವಾಗುವಷ್ಟು ಸಮನಾದ ದನಿಯಲ್ಲಿ, 'ಹಾಗಿದ್ರೆ ಆ ಭಾಗ ಬೇರೆಯವರ ಹತ್ರಾನೇ ಮಾಡ್ಸಿ. ನನ್ನದನ್ನ ಅಳಿಸಿಬಿಡಿ' ಎಂದಳು. ಹೇಳಿದ ಮೇಲೆ ಅವಳಿಗೆ ನೆನಪಾಯಿತು: ಮಧ್ಯಸ್ಥೆ ಮತ್ತೆ ಬರುವುದಿಲ್ಲ, ಕತೆಯ ಕೊನೆಗೆ ಅವಳು ಸಾಯುತ್ತಾಳೆ. ನಿರ್ದೇಶಕಿ, 'ಉಸಿರಾದ್ರೂ ಇರ್ಲಿ ಮೇಡಂ ಆ ಜಾಗದಲ್ಲಿ. ಬನ್ನಿ, ನೋಡೋಣ' ಎಂದಳು. ಫೋನಿಟ್ಟು ತಿರುಗಿದರೆ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. 'ನಾನೂ ಬರ್ತೀನಿ.' ಎಂಟು ತಿಂಗಳಿಂದ ಆಸ್ಪತ್ರೆ ಬಿಟ್ಟು ಅವನು ಎಲ್ಲಿಗೂ ಹೋಗಿರಲಿಲ್ಲ. ಹೊರಗೆ ಯಾರು ಎಲ್ಲಿ ಒಳ್ಳೆಯವರಾಗಿಬಿಡುತ್ತಾರೋ ಎಂಬುದೇ ಅವನ ಭಯವಾಗಿತ್ತು.

ಎರಡನೇ ಮಹಡಿಯಿಂದ ಮೂರಕ್ಕೆ ಅವನು ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ನಿಂತು ಹತ್ತಿದ. ನಿರ್ದೇಶಕಿ ನಮಸ್ಕಾರ ಎಂದಳು, ಅವನು ತಲೆ ಬಾಗಿಸಿದ. ರೆಕಾರ್ಡಿಂಗಿನವನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತನ್ನ ಕುರ್ಚಿ ಬಿಟ್ಟೆದ್ದು ಅದನ್ನು ಅವನಿಗೆ ಕೊಟ್ಟು, ತಾನು ಸ್ಟೂಲಿನ ಮೇಲೆ ಕೂತ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪರದೆಯಲ್ಲಿ ಉಗ್ರಾಣದ ದೃಶ್ಯ ಬಂತು. ದೀಪ ಕೆಂಪಾಯಿತು. ಅಳು ಬಂತು, ಸರಿಯಾಗಿಯೇ ಬಂತು. ಮಾತು ಬರಬೇಕಾದ ಜಾಗಕ್ಕೆ ಬಂದಾಗ ಅವಳು ಸುಮ್ಮನಾದಳು. ಸುಮ್ಮನಿರಲು ಏನೂ ಕೆಲಸವಿಲ್ಲವಲ್ಲ, ಪರದೆ ಬಿಟ್ಟು ಕಣ್ಣು ಗಾಜಿನ ಕಡೆ ಹೋಯಿತು.

ಗಂಡ ಅಳುತ್ತಿದ್ದ. ಸ್ಟೂಲಿನ ಮೇಲಿದ್ದವನು ಅವನ ಕಡೆ ಬಾಗಿ ಏನೋ ಹೇಳಿ ಮುಗಿಸಿದ್ದ. ಏನು ಹೇಳಿದನೋ, ಗಾಜು ದಾಟಿ ಕೇಳುವಂತಿರಲಿಲ್ಲ. ಅಳುವೂ ಕೇಳುತ್ತಿರಲಿಲ್ಲ. ಎಂಟು ತಿಂಗಳು ಅವಳು ಆ ಅಳುವನ್ನು ಕೇಳಿದ್ದಳು, ಉಸಿರು ಎಣಿಸಿದ್ದಳು, ಅದರ ಏರಿಳಿತ ಬಾಯಿಪಾಠ ಮಾಡಿದ್ದಳು. ಸದ್ದಿಲ್ಲದೆ ನೋಡಿದ್ದು ಇದೇ ಮೊದಲು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಬಿಗಿದಿದ್ದವು, ಕಣ್ಣು ಕೋಣೆಯ ಮೂಲೆಯಲ್ಲಿ ಒಂದೇ ಬಿಂದುವನ್ನು ಹಿಡಿದಿತ್ತು. ಅವನು ಅಳುತ್ತಿರಲಿಲ್ಲ, ಅಳುವನ್ನು ಎರಡೂ ಕೈಯಿಂದ ತಳ್ಳಿಹಿಡಿದುಕೊಂಡಿದ್ದ. ಇಂಜಿನ್ನು ನಿಂತ ವಿಮಾನವನ್ನು ನೆಲಕ್ಕೆ ತರುವವನ ಮುಖ ಅದು. ಅವಳು ಕಿವಿಯಿಂದ ಕದ್ದದ್ದರಲ್ಲಿ ಇದು ಯಾವುದೂ ಇರಲಿಲ್ಲ. ನಿರ್ದೇಶಕಿ ನೀರಿನ ಬಾಟಲಿ ಹಿಡಿದು ಏಳಹೊರಟಳು, ರೆಕಾರ್ಡಿಂಗಿನವನು ಅವಳ ತೋಳು ಮುಟ್ಟಿ ಕೂರಿಸಿದ. ದೃಶ್ಯ ಮುಂದೆ ಓಡಿಹೋಗಿತ್ತು, ಯಾರೂ ನಿಲ್ಲಿಸಲಿಲ್ಲ. ಇಬ್ಬರೂ ಹಲಗೆಯನ್ನೇ ನೋಡುತ್ತಾ ಕೂತರು. ಅವಳೂ ಹೆಡ್‌ಫೋನ್ ಕಳಚಲಿಲ್ಲ, ಬಾಗಿಲ ಕಡೆ ಓಡಲಿಲ್ಲ, ಎಣಿಸಲೂ ಇಲ್ಲ. ನಿಂತಳು.

ಅವನ ಅಳು ನಿಂತಿತು. ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಮಡಿಕೆಯ ಮೇಲೇ ಮಡಚಿ ಜೇಬಿಗಿಟ್ಟ. ಯಾವ ಗುಂಡಿ ಎಂದು ರೆಕಾರ್ಡಿಂಗಿನವನನ್ನು ಕೇಳಿದ, ಅವನು ತೋರಿಸಿದ. ಒತ್ತಿದ. ಅವಳ ಕಿವಿಯೊಳಗೆ ಗಂಡನ ದನಿ ಬಂತು, ಮನೆಯಲ್ಲಿ ಎಷ್ಟೋ ದಿನದಿಂದ ಕೇಳಿರದ, ಎಲ್ಲವನ್ನೂ ತೂಗಿ ಬದಿಗಿಟ್ಟ ದನಿ. 'ನನ್ನದು ಮುಗೀತು. ತಡ ಆಗಿದ್ದಕ್ಕೆ ಕ್ಷಮಿಸಿ. ನೀನು ಸಿದ್ಧಾನಾ?'

'ಸಿದ್ಧ' ಎನ್ನಲು ಅವಳು ಬಾಯಿ ತೆರೆದಳು. ಅರ್ಧ ಪದ ಬಂತು. ಉಳಿದದ್ದು ಎಲ್ಲಿಯೋ ಸಿಕ್ಕಿಕೊಂಡಿತು, ಅದರ ಜಾಗದಲ್ಲಿ ಬಂದ ಸದ್ದನ್ನು ಅವಳು ಯಾರ ಬಾಯಲ್ಲೂ ಕೇಳಿರಲಿಲ್ಲ, ಯಾರಿಂದಲೂ ಕಲಿತಿರಲಿಲ್ಲ, ಹೇಗೆ ನಿಲ್ಲಿಸಬೇಕೆಂದೂ ತಿಳಿಯಲಿಲ್ಲ. ಮೈಕನ್ನು ಹಿಡಿದು ನಿಂತಳು. ಗಾಜಿನಾಚೆ ಯಾರೂ ಎದ್ದು ಬರಲಿಲ್ಲ. ನಿರ್ದೇಶಕಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ರೆಕಾರ್ಡಿಂಗಿನವನು ಕೈ ಚಾಚಿ ಕೆಂಪು ದೀಪವನ್ನು ಆರಿಸಿದ. ಗಂಡ ಮೊಣಕೈಗಳನ್ನು ಹಲಗೆಯ ಅಂಚಿಗೆ ಊರಿ, ಮುಂದಕ್ಕೆ ಬಾಗಿ, ತಲೆಯನ್ನು ತುಸು ಓರೆ ಮಾಡಿ, ಕುತೂಹಲದಿಂದ, ಆತುರವಿಲ್ಲದೆ, ಅವಳನ್ನೇ ಆಲಿಸುತ್ತಿದ್ದ.